ಎರಡು ಗಂಟೆಯ ತಾಳ್ಮೆ

ಹಾಸಿಗೆ ಕಂಪನಿಯ ದೂರು ವಿಭಾಗದಲ್ಲಿ ಅವನನ್ನು ಎಲ್ಲರೂ ಪಟಾಕಿ ಎಂದೇ ಕರೆಯುತ್ತಿದ್ದರು. ಕಿಡಿ ಸೋಕಬೇಕೆಂದೇನಿಲ್ಲ, ಪಕ್ಕದಲ್ಲಿ ಯಾರಾದರೂ ಕೆಮ್ಮಿದರೂ ಸಿಡಿಯುತ್ತಿದ್ದ. ಮೊದಲೆಲ್ಲ ಇದರಿಂದ ಲೋಕಕ್ಕೆ ಹೆಚ್ಚು ನಷ್ಟವಿರಲಿಲ್ಲ. ಕಾಗದ ಹುಡುಕಿ, ಪೆನ್ನು ಹುಡುಕಿ, ಬರೆಯಲು ಕೂರುವಷ್ಟರಲ್ಲಿ ಕೋಪ ಇಳಿದಿರುತ್ತಿತ್ತು. ಈಗ ಕಂಪನಿ ಪ್ರತಿಯೊಬ್ಬರಿಗೂ ಒಂದು ಎಐ ಏಜೆಂಟ್ ಕೊಟ್ಟಿತ್ತು. ಬಾಯಲ್ಲಿ ಹೇಳಿದ್ದನ್ನು ಅದು ಚೆಂದದ ಭಾಷೆಯಲ್ಲಿ ಬರೆದು, ಕಣ್ಣು ಮಿಟುಕಿಸುವುದರೊಳಗೆ ಕಳಿಸಿಬಿಡುತ್ತಿತ್ತು.

ಹೋದ ವಾರ ಬೆನ್ನುನೋವೆಂದು ದೂರು ಕೊಟ್ಟ ಗಿರಾಕಿಗೆ, "ಮಾನ್ಯರೇ, ತಮ್ಮ ಬೆನ್ನುನೋವಿಗೆ ಕಾರಣ ನಮ್ಮ ಹಾಸಿಗೆಯಲ್ಲ, ತಾವು ಅದರಿಂದ ಮೇಲೇಳದಿರುವುದು" ಎಂಬ ಉತ್ತರ ಹೋಯಿತು. ಮ್ಯಾನೇಜರ್ ಕರೆದು, ಇನ್ನೊಂದು ಸಲ ಹೀಗಾದರೆ ಮನೆಗೆ ನಡೀರಿ ಎಂದರು.

ದಾರಿ ತೋರಿಸಿದವಳು ಹೆಂಡತಿ.

"ರೀ, ಹತ್ತರ ತನಕ ಎಣಿಸಿ ಅಂದ್ರೆ ಎರಡಕ್ಕೇ ಬೈಯೋಕೆ ಶುರು ಮಾಡ್ತೀರಿ. ಎಣಿಸೋ ಕೆಲಸ ಆ ಏಜೆಂಟಿಗೇ ಕೊಡಿ. ನೀವು ಏನೇ ಹೇಳಿದ್ರೂ ಎರಡು ಗಂಟೆ ಇಟ್ಕೊಂಡು ಆಮೇಲೆ ಕಳಿಸಲಿ. ತಾಳಿದವನು ಬಾಳಿಯಾನು."

ಹೇಳಿದ್ದಷ್ಟೇ ಅಲ್ಲ, ತಾನೇ ಕೂತು ಆ ತಡೆ ಹಾಕಿಸಿದಳು. ಕೋಪದ ಭರದಲ್ಲಿ ಗಂಡ ಅದನ್ನು ಕಿತ್ತೆಸೆಯದಿರಲೆಂದು ತಡೆದಿಟ್ಟ ಪತ್ರಗಳಿರುವ ಪುಟಕ್ಕೆ ತನ್ನದೇ ಪಾಸ್‌ವರ್ಡ್ ಜಡಿದಳು. ಕಾಯುವಾಗ ನೀರು ಕುಡಿಯಲು ನೆನಪಿಸೆಂದೂ ಏಜೆಂಟಿಗೆ ತಾಕೀತು ಮಾಡಿದಳು.

ಮರುದಿನವೇ ಪರೀಕ್ಷೆ ಬಂತು. ಪಟಾಕಿಯ ಕುರ್ಚಿ ಶೌಚಾಲಯದ ಬಾಗಿಲಿಗೆ ಬೆನ್ನು ಹಾಕಿಕೊಂಡಿತ್ತು. ಒಳಗಿನಿಂದ ಯಾರು ಹೊರಬಂದರೂ ಬಾಗಿಲು ಕುರ್ಚಿಗೆ ಬಡಿಯುತ್ತಿತ್ತು. ಹನ್ನೊಂದು ವರ್ಷದಿಂದ ಅವನಿಗಿದ್ದದ್ದು ಒಂದೇ ಆಸೆ: ಮೂಲೆಯಲ್ಲಿರುವ ವಿಭಾಗದ ಮುಖ್ಯಸ್ಥರ ಕೋಣೆ. ಅದಕ್ಕೂ ಬಾಗಿಲಿತ್ತು, ಆದರೆ ಒಳಗಿರುವವರೇ ಹಾಕಿಕೊಳ್ಳುವಂಥದ್ದು. ಅಂದು ಬೆಳಿಗ್ಗೆ ಹನ್ನೊಂದಕ್ಕೆ ಬಾಗಿಲು ದಢಾರನೆ ಬಡಿದು, ಬಿಸಿ ಚಹಾವೆಲ್ಲ ಅವನ ಅಂಗಿಯ ಮೇಲೆ ಚೆಲ್ಲಿತು. ಹೊರಬಂದವರು ಮ್ಯಾನೇಜರ್.

"ಕುರ್ಚಿ ಸ್ವಲ್ಪ ಒಳಗೆ ಎಳ್ಕೊಳ್ರೀ," ಎಂದು ಕೈ ಒರೆಸಿಕೊಳ್ಳುತ್ತ ಯಾವುದೋ ಮೀಟಿಂಗಿಗೆಂದು ಹೊರಟೇಹೋದರು.

ಪಟಾಕಿ ಮೈಕ್ ಒತ್ತಿದ. "ನಿಮ್ಮ ಕೆಲಸಾನೂ ಬೇಡ, ನಿಮ್ಮ ಸಹವಾಸಾನೂ ಬೇಡ! ನಿಮ್ಮ ಹಾಸಿಗೆ ಮೇಲೆ ನೀವೇ ಬಿದ್ಕೊಳ್ಳಿ! ಇದೇ ನನ್ನ ರಾಜೀನಾಮೆ!"

"ಬರೆದಿದ್ದೇನೆ. ಎರಡು ಗಂಟೆಯ ನಂತರ ಹೋಗುತ್ತದೆ. ಅಷ್ಟರಲ್ಲಿ ಸ್ವಲ್ಪ ನೀರು ಕುಡಿಯಿರಿ," ಎಂದಿತು ಏಜೆಂಟ್.

ಅಂಗಿ ಇನ್ನೂ ಒಣಗಿರಲಿಲ್ಲ, ಮ್ಯಾನೇಜರಿಂದ ಪತ್ರ ಬಂತು. "ವಿಭಾಗದ ಮುಖ್ಯಸ್ಥರು ಕೆಲಸ ಬಿಡುತ್ತಿದ್ದಾರೆ. ಹಿರಿತನದ ಪ್ರಕಾರ ಆ ಹುದ್ದೆಯನ್ನು ನಿಮಗೆ ಕೊಡಲು ನಿರ್ಧರಿಸಿದ್ದೇವೆ. ಮಧ್ಯಾಹ್ನ ಒಂದು ಗಂಟೆಯೊಳಗೆ ಒಪ್ಪಿಗೆ ಕಳಿಸಿ. ಬಾರದಿದ್ದರೆ ಮುಂದಿನವರಿಗೆ ಕೊಡುತ್ತೇವೆ."

ಪಟಾಕಿ ಕುರ್ಚಿಯಿಂದ ಹಾರಿದ. "ಒಪ್ಪಿದ್ದೀನಿ ಸಾರ್! ಇದಕ್ಕೇ ಹನ್ನೊಂದು ವರ್ಷ ಕಾದಿದ್ದೆ! ನಿಮ್ಮ ಕಾಲಿಗೆ ಬೀಳ್ತೀನಿ!" ಎಂದು ಏಜೆಂಟಿಗೆ ಒದರಿ, ಅದು ಏನಂದಿತೆಂದೂ ಕೇಳದೆ, ಎದುರಿನ ಮೇಜಿನವನನ್ನು ತಬ್ಬಿಕೊಂಡ. ಆಮೇಲೆ ರಾಜೀನಾಮೆ ನೆನಪಾಯಿತು. "ಅಯ್ಯೋ, ಒಂದಕ್ಕೆ ರಾಜೀನಾಮೆ ಹೋಗಿಬಿಡುತ್ತೆ!" ಎಂದು ಕಿರುಚಿದ.

ಎದುರಿನ ಮೇಜಿನವನಿಗೆ ರೇಡಿಯೋ ಎಂದು ಹೆಸರು. ಅವನ ಕಿವಿಗೆ ಬಿದ್ದದ್ದು ಇಡೀ ಮಹಡಿಗೆ ಬಿದ್ದಂತೆ. ಕ್ಷಣದಲ್ಲಿ ಸಲಹೆಗಾರರ ಸಂತೆ ನೆರೆಯಿತು.

"ಕಂಪ್ಯೂಟರ್ ವೈರ್ ಕಿತ್ತಾಕು!" ಎಂದಳು ಟೈಪಿಸ್ಟ್.

ಪಟಾಕಿ ಕೈಗೆ ಸಿಕ್ಕ ವೈರ್ ಎಳೆದ. ಫೋಟೋಕಾಪಿ ಯಂತ್ರ ಉಸಿರು ಬಿಟ್ಟಿತು.

"ಏಜೆಂಟ್ ಆ ಡಬ್ಬದಲ್ಲಿ ಎಲ್ಲಿದೆ ಮಾರಾಯ?" ಎಂದ ರೇಡಿಯೋ. "ಪಾಸ್‌ವರ್ಡ್ ಹಾಕಿ ನಿಲ್ಲಿಸು."

ಪಟಾಕಿ ಹೆಂಡತಿಗೆ ಫೋನ್ ಮಾಡಿದ. "ಪಾಸ್‌ವರ್ಡ್ ಹೇಳೇ, ಬೇಗ!"

"ಕೋಪದಲ್ಲಿದ್ದೀರಿ. ಹೇಳಲ್ಲ."

"ಕೋಪ ಇಲ್ಲ ಕಣೇ!"

"ಅಕ್ಕಪಕ್ಕದ ಮನೆಗೂ ಕೇಳಿಸ್ತಿದೆ. ತಣ್ಣಗಾದ ಮೇಲೆ ಮಾಡಿ." ಫೋನ್ ಇಟ್ಟಳು.

ಐದು ಸಲ ಫೋನಾಯಿತು, ಐದು ಸಲವೂ ಅವನ ದನಿಗೇ ಅವಳು ಫೋನಿಟ್ಟಳು. ಒಂದು ಗಂಟೆಗೆ ಐದೇ ನಿಮಿಷ ಉಳಿದಾಗ ಪಟಾಕಿ ಹಲ್ಲು ಕಚ್ಚಿ, ಮಗು ಮಲಗಿಸುವ ದನಿಯಲ್ಲಿ, "ಚಿನ್ನಾ, ನಿನ್ನ ಮಾತೇ ಸರಿ," ಎಂದ. ಮದುವೆಯಾದಾಗಿನಿಂದ ಈ ಮಾತು ಕೇಳಿರದ ಅವಳು ಗಾಬರಿಯಾಗಿ ಪಾಸ್‌ವರ್ಡ್ ಹೇಳಿಯೇಬಿಟ್ಟಳು. ಅದನ್ನು ಒತ್ತಿ, ಮೇಲುಗಡೆಯೇ ಕಂಡ ರಾಜೀನಾಮೆಯನ್ನು ಅಳಿಸಿದ. ಕೆಳಗೆ ಇನ್ನೇನಿದೆಯೆಂದು ನೋಡುವ ವ್ಯವಧಾನ ಯಾರಿಗಿತ್ತು? ಸಲಹೆಗಾರರೆಲ್ಲ ಚಪ್ಪಾಳೆ ತಟ್ಟಿದರು. ಪಟಾಕಿ ನೆಮ್ಮದಿಯಾಗಿ ಊಟ ಮಾಡಿ, ತಲೆ ಬಾಚಿಕೊಂಡು, ಮೂಲೆ ಕೋಣೆಯ ಕೀಲಿ ಕೇಳಲು ಮ್ಯಾನೇಜರ್ ಬಳಿ ಹೋದ.

ಕೀಲಿ ರೇಡಿಯೋನ ಬೆರಳಲ್ಲಿ ಗಿರಗಿರ ತಿರುಗುತ್ತಿತ್ತು.

"ಒಂದು ಗಂಟೆವರೆಗೂ ಕಾದೆ ಕಣ್ರೀ," ಎಂದರು ಮ್ಯಾನೇಜರ್. "ನಿಮ್ಮಿಂದ ಒಂದಕ್ಷರ ಇಲ್ಲ. ಇವರಿಗೆ ಬರೆದೆ, ಆ ಕ್ಷಣವೇ ಒಪ್ಪಿಗೆ ಬಂತು."

"ಸಾರ್, ನಾನೂ ಕಳಿಸಿದ್ದೆ! ಆ ತಡೆ..."

"ಯಾಕೆ ತಡೆ ಅಂತ ನಾನೇ ಹೇಳ್ಲಾ ಪಟಾಕಿ? ಬೆಳಿಗ್ಗೆ ಹನ್ನೊಂದರದ್ದೂ ಸೇರಿಸಿ?" ಎಂದ ರೇಡಿಯೋ, ತುಂಬಾ ಅಕ್ಕರೆಯಿಂದ.

"ಏನೂ ಇಲ್ಲ ಸಾರ್, ಬಿಡಿ," ಎಂದ ಪಟಾಕಿ.

"ನೀವು ಅದೇ ಕುರ್ಚಿಯಲ್ಲಿ, ಇವರ ಕೈಕೆಳಗೆ ಮುಂದುವರೀಬೇಕು. ಬೇಜಾರಿಲ್ಲ ತಾನೇ?" ಎಂದು ಮ್ಯಾನೇಜರ್ ಕೇಳುತ್ತಿರುವಾಗಲೇ ಅವರ ಫೋನ್ ಟಿಣ್ ಎಂದಿತು. ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದರು: "'ಮಾನ್ಯರೇ, ತಮ್ಮ ತೀರ್ಮಾನಕ್ಕೆ ನನ್ನ ಮನಃಪೂರ್ವಕ ಒಪ್ಪಿಗೆ. ಇದಕ್ಕಾಗಿಯೇ ಹನ್ನೊಂದು ವರ್ಷ ಕಾದಿದ್ದೆ. ತಮ್ಮ ಪಾದಗಳಿಗೆ ನಮಸ್ಕರಿಸುತ್ತೇನೆ.'"

ಅವರ ಕಣ್ಣಲ್ಲಿ ನೀರಾಡಿತು. "ಎಂಥ ದೊಡ್ಡ ಮನಸ್ಸು ನಿಮ್ಮದು! ನಾನು ಕೇಳಿ ಮುಗಿಸೋದ್ರೊಳಗೆ ಉತ್ತರ! ಏಜೆಂಟ್ ಅಂದ್ರೆ ಹೀಗೆ ಚುರುಕಾಗಿರಬೇಕು ನೋಡಿ."

ಪಟಾಕಿ ತನ್ನ ಕುರ್ಚಿಗೆ ಬಂದು ಮೈಕ್ ಒತ್ತಿದ. ಮ್ಯಾನೇಜರಿನಿಂದ ಹಿಡಿದು ಅವರ ಮೊಮ್ಮಕ್ಕಳವರೆಗೆ ಒಬ್ಬರನ್ನೂ ಬಿಡದೆ ಬೈದು, ಕೊನೆಗೆ ರಾಜೀನಾಮೆ ಎಂದ.

"ಬರೆದಿದ್ದೇನೆ. ಎರಡು ಗಂಟೆಯ ನಂತರ ಹೋಗುತ್ತದೆ. ಅಷ್ಟರಲ್ಲಿ ಸ್ವಲ್ಪ ನೀರು ಕುಡಿಯಿರಿ."

ಅವನು ನೀರಿನ ಲೋಟವನ್ನು ತುಟಿಗಿಟ್ಟ. ಬೆನ್ನ ಹಿಂದೆ ಬಾಗಿಲು ದಢಾರನೆ ತೆರೆಯಿತು.