ಬಿರುಕು ತೋರಿಸಿ ಮಾರುವ ಅಂಗಡಿ

ನನ್ನ ಸೋದರಮಾವನಂಥ ವ್ಯಾಪಾರಿ ಅರಸೀಕೆರೆಯಿಂದ ಬೇಲೂರಿನವರೆಗೆ ಇನ್ನೊಬ್ಬನಿಲ್ಲ. ಇದ್ದಿದ್ದರೆ ಅವನ ಅಂಗಡಿ ಇಷ್ಟು ಹೊತ್ತಿಗೆ ಮುಚ್ಚಿಹೋಗಿರುತ್ತಿತ್ತು. ಮಾವನದು ಹೇಗೆ ನಡೆಯುತ್ತಿದೆ ಎನ್ನುತ್ತೀರಾ? ಬಿ.ಕಾಂ. ಓದಿದ ನನಗೂ ಗೊತ್ತಿಲ್ಲ.

ಹಳೇಬೀಡಿನ ದೇವಸ್ಥಾನದ ಹತ್ತಿರ ಮಾವ ಪುಟ್ಟ ಪುಟ್ಟ ಆನೆ ಬೊಂಬೆ ಮಾರುತ್ತಾನೆ. ಅಕ್ಕಪಕ್ಕದವರು "ಕೈಕೆತ್ತನೆ ಸಾರ್" ಎಂದು ಕೂಗುತ್ತಿದ್ದರೆ, ಈತ ಗಿರಾಕಿಯ ಕೈಯಲ್ಲಿರುವ ಆನೆಯನ್ನು ಇಸಿದುಕೊಂಡು ತಿರುಗಿಸುತ್ತಾನೆ.

"ಇದು ಕಲ್ಲುಪುಡಿ, ಅಚ್ಚಿಗೆ ಹುಯ್ದಿದ್ದು. ಬಿದ್ರೆ ಸೊಂಡ್ಲು ಮುರೀತದೆ. ನೋಡಿ, ಇಲ್ಲೊಂದು ಬಿರುಕೈತೆ."

ಗಿರಾಕಿಗೆ ಕಾಣದ ಬಿರುಕನ್ನು ಹುಡುಕಿಕೊಡಲು ಕನ್ನಡಕ ಬೇರೆ ಹಾಕಿಕೊಳ್ಳುತ್ತಾನೆ!

ಭಾನುವಾರ ಪ್ರವಾಸಿಗರು ಬಸ್ಸುಗಟ್ಟಲೆ ಬರುತ್ತಾರೆ. ಅಂದೇ ಮಾವನ ಅಂಗಡಿಗೆ ಬೀಗ. ಅವನು ಬೇಲೂರಿನಲ್ಲಿ, ಪ್ರಾರ್ಥನೆಗೆ. ಎದುರಿನ ಬಳೆ ಅಂಗಡಿಯವನು ಒಮ್ಮೆ ಕೆಣಕಿದ.

"ಏನಣ್ಣ, ನಿಮ್ ಯೇಸುಸ್ವಾಮಿ ಸೋಮವಾರ ಸಿಗಲ್ವಾ?"

"ಸಿಗ್ತಾನೆ ಕಣ್ಲಾ. ಸೋಮವಾರ ಅಂಗಡೀಗೇ ಬಂದು ಕೂತ್ಕತಾನೆ. ಅದಕ್ಕೇ ಸುಳ್ಳು ಹೇಳಕ್ಕಾಗಲ್ಲ."

ನಮ್ಮ ಮನೆತನದಲ್ಲಿ ಪದವಿ ಪಡೆದವಳು ನಾನೇ ಮೊದಲು. ನಮ್ಮೂರು ಹಗರೆಯಿಂದ ದಿನಾ ಕಾಲೇಜಿಗೆ ಬಸ್ಸಿನಲ್ಲಿ ನಿಂತುಕೊಂಡೇ ಹೋಗಿ ಓದಿದ್ದು. ಆ ಧೈರ್ಯದ ಮೇಲೆ ಹೇಳಿದೆ, "ಮಾವ, ಗಿರಾಕಿಗೆ ಮೊದಲು ಗುಣ ಹೇಳ್ಬೇಕು."

"ಗುಣ ಅವರಿಗೇ ಕಾಣ್ತದೆ ಕಣವ್ವ. ಬಿರುಕನ್ನ ನಾವು ತೋರಿಸ್ಬೇಕು."

ಇಂಥವನ ಹತ್ತಿರ ಒಂದು ದಿನ ನನ್ನ ಬಗ್ಗೆಯೇ ವಿಚಾರಣೆ ಬರಬೇಕೇ! ಬೇಲೂರಿನ ಶಾಲೆಯೊಂದರ ಕಚೇರಿ ಕೆಲಸಕ್ಕೆ ಸಂದರ್ಶನ ಮುಗಿಸಿ ನಾನು ಕಾಯುತ್ತಿದ್ದೆ. ಅದು ಕೈತಪ್ಪಿದರೆ ಮತ್ತೊಂದು ಕಣ್ಣಳತೆಯಲ್ಲಿರಲಿಲ್ಲ. ಆ ಶಾಲೆಯ ಮುಖ್ಯಸ್ಥರೇ ಮಾವನ ಅಂಗಡಿಗೆ ಬಂದು, "ಆ ಹುಡುಗಿ ನಿಮ್ಮ ಸೊಸೆಯಂತೆ, ಅಕ್ಕನ ಮಗಳು. ಹೇಗೆ?" ಎಂದರು. ನಾನು ಒಳಗೆ ಆನೆಗಳಿಗೆ ಹುಲ್ಲು ಸುತ್ತುತ್ತಿದ್ದೆ. ಅವ್ವನನ್ನು ಕೇಳಿದ್ದರೆ ಹೊಗಳಿ ಅಟ್ಟಕ್ಕೇರಿಸುತ್ತಿದ್ದಳು. ಕೇಳಿದ್ದು ಮಾವನನ್ನು.

"ಮೂಗಿನ ತುದೀಲಿ ಕೋಪ ಸಾರ್. ಇಂಗ್ಲಿಷ್ ತಡವರಿಸ್ತಾಳೆ. ಮೊದಲ್ನೇ ವರ್ಷ ಒಂದು ಸಬ್ಜೆಕ್ಟ್ ಹೋಗಿತ್ತು, ಮತ್ತೆ ಕಟ್ಟಿ ಪಾಸಾದ್ಲು."

ನನ್ನ ನೌಕರಿಯ ಸೊಂಡಿಲು ಮುರಿದ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು.

ಮುಖ್ಯಸ್ಥರು ನಕ್ಕರು. "ಅಲ್ರೀ, ಒಳ್ಳೇದು ಒಂದೂ ಇಲ್ವಾ?"

ಮಾವ ಕನ್ನಡಕ ತೆಗೆದ. ಹೊಗಳಿ ಅಭ್ಯಾಸವಿಲ್ಲದ ಬಾಯಿ.

"ಈ ಹುಡ್ಗಿ ಅಚ್ಚಿಗೆ ಹುಯ್ದಿದ್ದಲ್ಲ ಸಾರ್," ಎಂದ. "ಕಲ್ಲು. ಅವಳೇ ಕೂತ್ಕಂಡು ಕೆತ್ಕಂಡಿದ್ದು."

ಹೋಗುವಾಗ ಮುಖ್ಯಸ್ಥರು ಬಿರುಕಿದ್ದ ಆನೆಯೊಂದನ್ನೇ ಕೇಳಿ ಕೊಂಡುಕೊಂಡರು. ಈಗ ಶಾಲೆಯ ಕಚೇರಿಯಲ್ಲಿ, ನನ್ನ ಮೇಜಿನ ಪಕ್ಕದ ಕಿಟಕಿಯಲ್ಲಿ ಅದು ನಿಂತಿದೆ. ಸೊಂಡಿಲು ಇನ್ನೂ ಗಟ್ಟಿಯಾಗಿದೆ.