ಎರಡು ಬಸ್ಸಿನ ಕಾಕಾ

ನಮ್ಮ ಕಾಕಾ ಪ್ಯಾಂಟಿಗೆ ಬೆಲ್ಟೂ ಹಾಕುತ್ತಾನೆ, ಒಳಗೊಂದು ಲಾಡಿಯನ್ನೂ ಹೊಲಿಸುತ್ತಾನೆ ಎಂದರೆ ನೀವು ನಂಬಲಿಕ್ಕಿಲ್ಲ. ಒಂದು ಕೈಕೊಟ್ಟರೆ ಇನ್ನೊಂದಿರಬೇಕು, ಅದೇ ಅವನ ಧರ್ಮ! ದೇವರ ದೀಪ ಹಚ್ಚುವುದಕ್ಕೂ ಎರಡು ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಕೂರುವ ಆಸಾಮಿ.

ಇಂಥವನಿಗೆ ನಾವಿರುವ ಊರಿನ ಖರಾಡಿ ಬಡಾವಣೆಯ ಆಫೀಸಿನಲ್ಲಿ ಸಿಕ್ಕ ಕೆಲಸವೂ ಅಂಥದ್ದೇ. ಕಂಪ್ಯೂಟರುಗಳನ್ನು ಕೂಡಿಸುವ ಸ್ವಿಚ್ಚುಗಳ ನಡುವೆ ಮೆಶ್ ಹಾಕುವುದು. ಹಾಗೆಂದರೇನು ಎಂದು ಕೇಳಿದ್ದೇ ನನ್ನ ತಪ್ಪು. ಅಡುಗೆಮನೆಯ ನಾಲ್ಕು ಡಬ್ಬಿ ನೆಲಕ್ಕಿಳಿದವು, ಹೂ ಕಟ್ಟುವ ದಾರ ಬಂತು.

“ಇದು ಧಾರವಾಡದಾಗಿನ ನಿಮ್ಮಜ್ಜಿ, ಇದು ಹುಬ್ಬಳ್ಳಿ ಅತ್ತಿ, ಇದು ನಿಮ್ಮಪ್ಪ, ಇದು ನಾ. ಒಬ್ಬೊಬ್ಬರಿಂದ ಉಳಿದೆಲ್ಲಾರಿಗೂ ದಾರ. ಒಂದು ಹರದ್ರ ಸುದ್ದಿ ಇನ್ನೊಂದು ದಾರೀಲೆ ಹೋಗ್ತದ. ನಾಲ್ಕು ಡಬ್ಬಿಗೆ ಆರು ದಾರ, ತಿಳೀತ?”

ಎಣಿಸಿದೆ. “ಕಾಕಾ, ಐದ ಅವಲ್ಲ?”

“ಅದೊಂದು ಪೋರ್ಟ್ ಕೆಟ್ಟದ,” ಎಂದು ಡಬ್ಬಿಗಳನ್ನು ಎತ್ತಿಟ್ಟ.

ಕೆಟ್ಟದ್ದು ಅವನ ಮತ್ತು ಅಪ್ಪನ ನಡುವಿನದು. ತೊಂಬತ್ತರ ದಶಕದಲ್ಲಿ ಅತ್ತೆಯ ಮದುವೆಗೆಂದು ಧಾರವಾಡಕ್ಕೆ ಹೊರಟಾಗ ಕಾಕಾ ಇಬ್ಬರಿಗೂ ಎರಡು ಬಸ್ಸಿಗೆ ಟಿಕೀಟು ತೆಗೆಸಿದ್ದ. ಒಂದು ಸ್ವಾರಗೇಟದ ಬಸ್ ನಿಲ್ದಾಣದಿಂದ, ಅದು ಕೆಟ್ಟರೆ ಇರಲೆಂದು ಇನ್ನೊಂದು ಊರಂಚಿನ ಕಾತ್ರಜದಿಂದ. ಎಲ್ಲಿ ಕೂಡಬೇಕೆಂದು ಹೇಳುವುದನ್ನೇ ಮರೆತಿದ್ದ. ತಮ್ಮ ಬರಲಿ ಎಂದು ಅಪ್ಪ ಸ್ವಾರಗೇಟದಲ್ಲಿ ಕಾದು ಬಸ್ಸು ತಪ್ಪಿಸಿಕೊಂಡ. ಅಣ್ಣ ಬರಲಿ ಎಂದು ಕಾಕಾ ಕಾತ್ರಜದಲ್ಲಿ ಕಾದು ಬಸ್ಸು ತಪ್ಪಿಸಿಕೊಂಡ. ಆಗೇನು ಮೊಬೈಲ್ ಇತ್ತೇ? ಅಣ್ಣಂದಿರಿಬ್ಬರೂ ಇಲ್ಲದೆಯೇ ತಂಗಿಗೆ ಅಕ್ಷತೆ ಬಿತ್ತು! ಅಂದಿನಿಂದ ಇಬ್ಬರೂ ಮಾತು ಬಿಟ್ಟರು.

ಮನೆಗಳೋ ಎರಡೇ ಗಲ್ಲಿ ದೂರ. ಆದರೆ ಹಬ್ಬದೂಟಕ್ಕೆ ಕರೆಯಬೇಕೆಂದರೆ ಅಪ್ಪ ಧಾರವಾಡಕ್ಕೆ ಫೋನು ಹಚ್ಚಬೇಕು, ಅಜ್ಜಿ ಅಲ್ಲಿಂದ ಕಾಕಾನಿಗೆ ಹಚ್ಚಬೇಕು. ಕಾಕಾ ಬರುತ್ತಿದ್ದ, ಉಣ್ಣುತ್ತಿದ್ದ, “ಹೋಳಿಗಿ ಭಾಳ ಛಲೋ ಆಗಿದ್ವು” ಎನ್ನಲಿಕ್ಕೆ ಮನೆಗೆ ಹೋಗಿ ಧಾರವಾಡಕ್ಕೆ ಫೋನು ಮಾಡುತ್ತಿದ್ದ! ಪಾಪ, ಅಜ್ಜಿ ಅದನ್ನೂ ಅಪ್ಪನಿಗೆ ಮುಟ್ಟಿಸುತ್ತಿದ್ದಳು.

ಒಂದು ಮುಂಜಾನೆ ಅತ್ತೆ ಅಪ್ಪನಿಗೆ ಫೋನು ಮಾಡಿದಳು. ಅಜ್ಜಿಯನ್ನು ದವಾಖಾನೆಗೆ ಸೇರಿಸಿದ್ದರು, ಮಾತು ನಿಂತುಹೋಗಿತ್ತು. ಕಾಕಾನಿಗೆ ಎಷ್ಟು ಹಚ್ಚಿದರೂ ಹತ್ತುತ್ತಿಲ್ಲವೆಂದು ಅತ್ತಳು. ಹತ್ತುವುದು ಹೇಗೆ? ಎರಡೆರಡು ಮೊಬೈಲಿನ ಮಹಾಶಯ ಆಫೀಸಿನ ನೆಲಮಾಳಿಗೆಯಲ್ಲಿ ಕೇಬಲ್ ಎಳೆಯುತ್ತಿದ್ದ. ಎರಡಕ್ಕೂ ರೇಂಜಿಲ್ಲ!

ಅಪ್ಪ ಫೋನಿಟ್ಟು ಅಂಗಿ ತೊಟ್ಟ. ಆಮೇಲೆ ನನ್ನನ್ನೂ ಕರೆದುಕೊಂಡು ರಿಕ್ಷಾ ಹತ್ತಿ ಖರಾಡಿಗೆ ಹೋದ. ಕಾವಲುಗಾರನ ಕೈಲಿ ಹೇಳಿ ಕಳಿಸಿದ್ದಕ್ಕೆ ಕಾಕಾ ಕೇಬಲ್ಲು ಹಿಡಿದುಕೊಂಡೇ ಮೇಲೆ ಬಂದ.

“ತಮ್ಮಾ, ಅವ್ವಗ ಆರಾಮಿಲ್ಲ. ನಡಿ.”

“ಬಂದೆ, ಅಣ್ಣಾ.”

ಇಷ್ಟು ವರ್ಷದ ಮೇಲೆ ಇಷ್ಟೇ ಮಾತು! ಅದೇ ರಿಕ್ಷಾದಲ್ಲಿ ಸ್ವಾರಗೇಟ ಮುಟ್ಟಿದೆವು. ಕಾಕಾ ಕಿಟಕಿಯಲ್ಲಿ ಕೈ ತೂರಿಸಿ ತನಗೂ ಅಪ್ಪನಿಗೂ ಧಾರವಾಡದ ಎರಡು ಟಿಕೀಟು ತಂದ; ನಾನು ಬರೀ ಕಳಿಸಿಕೊಡಲು ಹೋದದ್ದು.

ಅಪ್ಪನೇ ಕೇಳಿದ. “ಇನ್ನೊಂದು ಬಸ್ಸಿಂದು?”

“ಬ್ಯಾಡ ಅಣ್ಣಾ. ಒಂದ ಬಸ್ಸು ಸಾಕು.”

“ಅದು ಕೆಟ್ರ?”

“ಕೆಟ್ರ ಇಬ್ಬರೂ ಕೂಡೇ ಇಳಿಯೂಣು.”

ಅಪ್ಪ ತಮ್ಮನ ಕೈ ಹಿಡಿದು ಬಸ್ಸು ಹತ್ತಿಸಿದ.