ರಕ್ತ ಕೊಟ್ಟರೆ ರವಿಕೆ

ನಮ್ಮ ಚಿಕ್ಕಮ್ಮನಿಗೆ ಮನುಷ್ಯರ ಹೆಸರು ನೆನಪಿರುವುದಿಲ್ಲ. ಮರೆವಿನ ಕಾಯಿಲೆ ಎಂದುಕೊಂಡಿರಾ? ಛೆ, ಛೆ! ಯಾವ ಕಾಲದಲ್ಲೋ ಹೊಲಿದ ರವಿಕೆಯ ತೋಳಿನ ಅಳತೆ ಕೇಳಿ, ಈಗಲೂ ಥಟ್ಟನೆ ಹೇಳುತ್ತಾಳೆ. ಅವಳಿಗೆ ಹೆಸರು ಬೇಕಾಗಿಯೇ ಇಲ್ಲ, ರಕ್ತದ ಗುಂಪು ಗೊತ್ತಿದ್ದರೆ ಸಾಕು. ಮಧುಗಿರಿಯ ಅವಳ ಟೈಲರಿಂಗ್ ಅಂಗಡಿಯ ಮುಂದೆ ಯಾರೇ ಹಾದುಹೋಗಲಿ, ಮಿಷನ್ ತುಳಿಯುತ್ತಲೇ ಕೂಗುತ್ತಾಳೆ: “ಲೇ ಬಿ ಪಾಸಿಟಿವ್ವು, ನಿಮ್ಮಣ್ಣ ಎ ಬಿ ಊರಲ್ಲವ್ನಾ?”

ನನ್ನನ್ನು ನೋಡಲು ಗಂಡಿನ ಕಡೆಯವರು ಬಂದಾಗಲೂ ಹೀಗೇ ಆಯಿತು. ಶಿರಾದ ಹುಡುಗ, ತಾವರೆಕೆರೆ ಹತ್ತಿರ ಜಮೀನು, ಬ್ಯಾಂಕಿನಲ್ಲಿ ಕೆಲಸ. ಅವರು ಜಾತಕ ಬಿಚ್ಚಿದರು. ಚಿಕ್ಕಮ್ಮ ಅದನ್ನು ಪಕ್ಕಕ್ಕೆ ಸರಿಸಿ, “ಅದಿರ್ಲಿ, ಹುಡುಗನ ಗ್ರೂಪ್ ಯಾವ್ದು?” ಎಂದಳು. ಹುಡುಗ ತಲೆ ತಗ್ಗಿಸಿಕೊಂಡು “ಓ ನೆಗೆಟಿವ್” ಎಂದ. ಅವಳ ಮುಖ ಅರಳಿದ್ದೇನು! “ಒಪ್ಕಳಮ್ಮ, ಇಂಥೋನು ಊರಿಗೊಬ್ಬ ಸಿಕ್ಕಲ್ಲ” ಎಂದು ನನ್ನ ಕಿವಿಯಲ್ಲಿ ಉಸುರಿದಳು. ಒಪ್ಪಿಕೊಂಡೆ. ಯಾರಿಗೆ ಬೇಕಾದರೂ ಕೊಡಬಹುದಾದ ರಕ್ತವಲ್ಲವೇ! ಅಂದಿನಿಂದ ನನ್ನ ಗಂಡ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕಿನ ಸಾರ್ವಜನಿಕ ಆಸ್ತಿ. ನಾನು ಬರೀ ಕಾವಲುಗಾರ್ತಿ.

ಬೀದಿಯಲ್ಲಿ ಅವಳಿಗೆ “ರಕ್ತ ಹೀರೋ ಟೈಲರಮ್ಮ” ಎಂದು ಅಡ್ಡಹೆಸರಿದೆ. ನಗುವವರು ನಗಲಿ! ನಕ್ಕವರ ಮನೆಯಲ್ಲೂ ಹೆರಿಗೆಯಾಗುತ್ತದೆ, ನಕ್ಕವರೂ ಬೈಕಿನಿಂದ ಬೀಳುತ್ತಾರೆ. ಆಗ ಯಾರ ಅಂಗಡಿ ಬಾಗಿಲಿಗೆ ಓಡಿಬರುತ್ತಾರೆ ಎಂದು ಅವರನ್ನೇ ಕೇಳಿ ನೋಡಿ.

ಇಷ್ಟು ಜನರಿಂದ ರಕ್ತ ಕೊಡಿಸಿದ ಚಿಕ್ಕಮ್ಮ ತಾನು ಮಾತ್ರ ಒಂದು ಹನಿಯನ್ನೂ ಕೊಟ್ಟಿರಲಿಲ್ಲ. ಕೊಡಲು ಬಿಟ್ಟಿರಲಿಲ್ಲ ಎನ್ನಿ. ನಲವತ್ತೈದು ಕೆಜಿಯಾದರೂ ತೂಗದವರಿಂದ ರಕ್ತ ತೆಗೆಯುವಂತಿಲ್ಲ. ಇವಳೋ ಹುಟ್ಟಿದಾಗಿನಿಂದ ಕಡ್ಡಿ. ಸಾಲದ್ದಕ್ಕೆ, ಮೊದಲ ಸಲ ಕೊಡುವವರಿಗೆ ಅರವತ್ತು ದಾಟಿರಬಾರದು. ಈ ಯುಗಾದಿ ಕಳೆದರೆ ಅವಳಿಗೆ ಅರವತ್ತು ತುಂಬಿಬಿಡುತ್ತಿತ್ತು. “ಅಷ್ಟ್ರೊಳ್ಗೆ ಒಂದ್ಸಲ ಕೊಟ್ಟೇ ಕೊಡ್ತೀನಿ. ಅದ್ಯಾವ ತಕ್ಕಡಿ ತಡೀತದೋ ನಾನೂ ನೋಡ್ಬುಡ್ತೀನಿ” ಎಂದು ಹಟ ಹಿಡಿದು ಕೂತಿದ್ದಳು.

ಸ್ವಯಂಸೇವಕರನ್ನು ಹೇಗೆ ಸೇರಿಸಬೇಕು, ಹೇಗೆ ಉಳಿಸಿಕೊಳ್ಳಬೇಕು ಎಂದು ಈಗೀಗ ತರಬೇತಿಯನ್ನೇ ಕೊಡುತ್ತಾರೆ. ಟೀ ಶರ್ಟು, ಬ್ಯಾಡ್ಜು, ಪ್ರಮಾಣಪತ್ರ, ಕೊನೆಗೊಂದು ಗ್ರೂಪ್ ಫೋಟೊ. ಚಿಕ್ಕಮ್ಮನ ಬಳಿ ಇದ್ಯಾವುದೂ ಇಲ್ಲ. ಅವಳ ಬಳಿ ಇರುವುದು ರವಿಕೆ! ನಾಳೆ ಧಾರೆ ಎನ್ನುವಾಗ, ಹೊಲಿದು ಇಸ್ತ್ರಿ ಮಾಡಿದ ರವಿಕೆಯನ್ನು ಗಾಜಿನ ಬೀರುವಿನಲ್ಲಿ ಎದ್ದು ಕಾಣುವಂತೆ ನೇತುಹಾಕಿ ಬೀಗ ಜಡಿಯುತ್ತಾಳೆ.

“ಅಕ್ಕಾ, ನಾಳೆ ನಮ್ ನಾದ್ನಿ ಮದ್ವೆ, ಕೊಟ್ಬುಡಕ್ಕಾ!”

“ಕೊಡ್ತೀನಿ ಕಣಮ್ಮ. ನಿನ್ ಗಂಡ ಆಸ್ಪತ್ರೆ ತಾವ ಹೋಗಿ ಬಂದ್ಬುಡ್ಲಿ.”

ಗಂಡ ಹೋಗದೆ ಏನು ಮಾಡಿಯಾನು? ರವಿಕೆ ಸಿಗದ ಹೆಂಡತಿಯ ಮುಂದೆ ಸೂಜಿ ಯಾವ ಲೆಕ್ಕ! “ಇದನ್ನ ಸ್ವಯಂಸೇವೆ ಅಂತಾರಾ ಚಿಕ್ಕಮ್ಮ?” ಎಂದು ನಾನೊಮ್ಮೆ ಕೇಳಿದೆ. ಕೊರಟಗೆರೆಯ ಹೈಸ್ಕೂಲಿನಲ್ಲಿ ಪಾಠ ಹೇಳುವವಳು ನಾನು, ಪದಗಳ ಅರ್ಥ ಕೆಟ್ಟರೆ ತಡೆಯಲಾರೆ. ಅವಳು ದಾರ ಕಚ್ಚಿ ತುಂಡರಿಸಿ, “ಮೊದಲ್ನೇ ಸಲ ನಂದು, ಎರಡ್ನೇ ಸಲದಿಂದ ಸ್ವಯಂ” ಎಂದಳು. ಎರಡನೇ ಸಲ ಅವರು ತಾವಾಗಿಯೇ ಬರುತ್ತಾರೆ ಎನ್ನುವುದೂ ನಿಜ, ಏನು ಮಾಡೋಣ!

ಹಾಗಂತ ಬಂದವರನ್ನೆಲ್ಲ ಸೇರಿಸಿಕೊಳ್ಳುತ್ತಾಳೆಯೇ? ಒಮ್ಮೆ ಪಾವಗಡ ಕಡೆಯಿಂದ ಯುವಕರ ಸಂಘವೊಂದು ಟೆಂಪೊ ತುಂಬ ಬಂದಿಳಿಯಿತು. ಕೈಯಲ್ಲಿ ಬ್ಯಾನರು. “ನಾವೆಲ್ಲ ಯಾವಾಗ್ ಕರೆದ್ರೂ ರೆಡಿ ಅಕ್ಕಾ!” ಎಂದು ಒಂದೇ ಬಾಯಲ್ಲಿ ಕೂಗಿದರು. ಚಿಕ್ಕಮ್ಮ ಎಲ್ಲರಿಗೂ ಟೀ ಕುಡಿಸಿ, “ಇಷ್ಟ್ ಬಿರ್‍ರನೆ ಹೂಂ ಅನ್ನೋರು ನಂಗ್ ಬ್ಯಾಡ, ಹೋಗ್ಬನ್ನಿ” ಎಂದು ವಾಪಸ್ ಕಳಿಸಿದಳು! ಉಳಿಸಿಕೊಂಡದ್ದು ಒಬ್ಬನನ್ನೇ, ಟೆಂಪೊ ಹಿಂದೆ ಅವಿತುಕೊಂಡಿದ್ದ ನಾಗಲಮಡಿಕೆಯವನನ್ನು. “ಸೂದಿ ಅಂದ್ರೆ ನಾಕು ಭಯಮಕ್ಕಾ, ನಾ ವಲ್ಲ ಕಾದು!” ಎಂದು ತೆಲುಗಿನಲ್ಲೇ ಬೆವರುತ್ತಿದ್ದ, ತನ್ನ ಕೈಲಾಗದು ಎಂದು. “ಸೂಜಿಗೆ ಎದ್ರುಕೊಂಡಿದೀಯ ಅಂದ್ರೆ ಕೊಡೋದು ಹೆಂಗೆ ಅಂತ ಯೋಚ್ನೆ ಮಾಡಿದೀಯ. ನೀನ್ ಬಾ” ಎಂದಳು. ಈಗ ಪಾವಗಡ ಸೀಮೆಗೆಲ್ಲ ಅವನೇ ಉಸ್ತುವಾರಿ. ಇವತ್ತಿಗೂ ಕಣ್ಣು ಗಟ್ಟಿಯಾಗಿ ಮುಚ್ಚಿಕೊಂಡೇ ಕೈ ಚಾಚುತ್ತಾನೆ.

ಸೇರಿದವರ ಪಾಡು ಕೇಳಬೇಡಿ. ಹೊತ್ತು ಹುಟ್ಟಿದರೆ ಫೋನು. ಮೊಟ್ಟೆ ತಿಂದ್ಯಾ? ನುಗ್ಗೇಸೊಪ್ಪು ಬೇಯಿಸಿದ್ರಾ? ನಿದ್ದೆ ಮಾಡಿದ್ಯಾ? ಯಾರಾದರೂ ಬಾರಿನ ಬಾಗಿಲಲ್ಲಿ ಕಂಡರಂತೂ ಮುಗಿಯಿತು. ಹೆಗಲ ಮೇಲಿನ ಟೇಪನ್ನೂ ತೆಗೆಯದೆ ನಡುರಸ್ತೆಗೆ ಬಂದು ನಿಲ್ಲುತ್ತಾಳೆ. “ಅದು ನಿನ್ ರಕ್ತ ಅಲ್ಲ ಕಣ್ಲಾ! ಯಾರ್ದೋ ಮನೇದು, ನಿನ್ ತಾವ ಇಕ್ಕಿದೀನಿ ಅಷ್ಟೆ!”

ಒಂದು ಸಲ ಕೊಳಾಲ ಕಡೆಯ ದೊಡ್ಡ ಕುಳವೊಬ್ಬರ ಸೊಸೆಗೆ ಹೆರಿಗೆ ಕಷ್ಟವಾಯಿತು. ಚಿಕ್ಕಮ್ಮ ಶಿರಾದಿಂದ ಬಳೆ ಅಂಗಡಿ ಭಾಯಿಯನ್ನು ಕರೆಸಿದಳು. ಭಾಯಿ ರಕ್ತ ಕೊಟ್ಟು, ಮೊಣಕೈಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದರು. ಯಜಮಾನರು ಭಾಯಿಯ ಟೋಪಿ ನೋಡಿದರು, ಚಿಕ್ಕಮ್ಮನನ್ನು ನೋಡಿದರು. “ಏನಮ್ಮಾ, ನಮ್ಮೋರು ಯಾರೂ ಸಿಕ್ಲಿಲ್ವಾ?” ಎಂದರು.

ಆಸ್ಪತ್ರೆಯ ವರಾಂಡದಲ್ಲೇ ಚಿಕ್ಕಮ್ಮ ಅವರ ಎದುರಿಗೆ ಹೋಗಿ ಸೊಂಟಕ್ಕೆ ಕೈಯಿಟ್ಟು ನಿಂತಳು. “ಸಿಗ್ತಾರೆ ಸ್ವಾಮಿ, ಯಾಕ್ ಸಿಗಲ್ಲ? ಫೋನ್ ಮಾಡಿ. ನಿಮ್ಮೋರು ಬರೋಗಂಟ ನಿಮ್ ಸೊಸೆಗೆ ಕಾಯಕ್ಕೆ ಹೇಳಿ.” ಅವರು ಒಬ್ಬರಾದ ಮೇಲೆ ಒಬ್ಬರಿಗೆ ಫೋನು ಹಚ್ಚಿದರು. ಒಬ್ಬ ಗದ್ದೆಯಲ್ಲಿದ್ದ, ಒಬ್ಬನಿಗೆ ಶುಗರ್ರು, ಇನ್ನೊಬ್ಬ ಎತ್ತಲೇ ಇಲ್ಲ. ಕೊನೆಗೆ ಭಾಯಿಯೇ ಎದ್ದು, “ಛೋಡೋ ಆಪಾ, ಬಿಡಿ ಅಕ್ಕಾ, ಮೊದ್ಲು ಮಗು ನೋಡ್ಕಳ್ಳೋಣ” ಎಂದರು. ಭಾಯಿಯ ರಕ್ತದಿಂದಲೇ ಸೊಸೆ ಉಳಿದಳು, ಕೂಸೂ ಉಳಿಯಿತು. ಯಜಮಾನರು ಕೈಮುಗಿಯಲು ಬಂದರೆ ಚಿಕ್ಕಮ್ಮ ಅವರ ಕೈ ಹಿಡಿದು ನರ ನೋಡಿದಳು! ಈಗ ಅವರಿಗೆ ಯಾವ ಕುಲವೂ ಇಲ್ಲ, ಹೆಸರೂ ಇಲ್ಲ. ಕೊಳಾಲದ ಎ ಪಾಸಿಟಿವ್, ಅಷ್ಟೆ.

ಯುಗಾದಿ ಹತ್ತಿರವಾದಂತೆ ನಮಗೆಲ್ಲ ಚಿಕ್ಕಮ್ಮನ ತೂಕದ್ದೇ ಚಿಂತೆಯಾಯಿತು. ಹಿಂದೊಮ್ಮೆ ರಕ್ತದಾನ ಶಿಬಿರದಲ್ಲಿ ಸೊಂಟಕ್ಕೆ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ ಸಿಕ್ಕಿಸಿಕೊಂಡು ತಕ್ಕಡಿ ಹತ್ತಿ ಸಿಕ್ಕಿಬಿದ್ದವಳು ಅವಳು! ಈ ಸಲ ಆ ಕಳ್ಳಾಟ ಬೇಡವೆಂದು ಅವಳ ಸೈನ್ಯವೆಲ್ಲ ಒಂದಾಯಿತು. ಭಾಯಿ ಖರ್ಜೂರ ತಂದರು, ನಾಗಲಮಡಿಕೆಯವನು ಕಡಲೆಕಾಯಿ ಉಂಡೆ ತಂದ, ಕೊಳಾಲದಿಂದ ತುಪ್ಪ ಬಂತು. ನನ್ನ ಗಂಡ ತಟ್ಟೆಯ ಪಕ್ಕ ಕೂತು, “ಇನ್ನೊಂದು ಮುದ್ದೆ ಅತ್ತೆ, ಅದು ನಿಮ್ ಹೊಟ್ಟೆ ಅಲ್ಲ, ಯಾರ್ದೋ ಮನೇದು” ಎಂದು ಅವಳ ಮಾತನ್ನೇ ಅವಳಿಗೆ ಬಡಿಸಿದ. “ನನ್ ಅನ್ನ ತಿಂದು ನಂಗೇ ಹೇಳಕ್ಕೆ ಬಂದ್ಬುಟ್ಯಾ!” ಎಂದು ಬೈಯುತ್ತ ಬೈಯುತ್ತಲೇ ಉಂಡಳು.

ಈ ಹಟ ಎಲ್ಲಿಂದ ಬಂತೆಂದು ನನಗೆ ಗೊತ್ತು. ನನ್ನನ್ನು ಹೆತ್ತ ದಿನ ನಮ್ಮಮ್ಮನಿಗೆ ರಕ್ತಸ್ರಾವ ನಿಲ್ಲಲಿಲ್ಲ. ರಕ್ತ ಬೇಕು ಎಂದರು. ನೆಂಟರೆಲ್ಲ ನಾ ಕೊಡ್ತೀನಿ, ನಾ ಕೊಡ್ತೀನಿ ಎಂದು ತಕ್ಷಣ ಮುಂದೆ ಬಂದರು. ಒಂದು ಲೋಟ ಕಾಫಿ ಕುಡಿದು ಬರ್ತೀವಿ ಎಂದು ಹೊರಗೆ ಹೋದರು. ಹೋದವರು ಹೋದರೇ! ಕೈ ಚಾಚಿಕೊಂಡು ಉಳಿದವಳು ಅಮ್ಮನ ತಂಗಿ, ಈ ಕಡ್ಡಿ ಹುಡುಗಿ ಒಬ್ಬಳೇ. ಗ್ರೂಪ್ ಹೊಂದಿತು, ತೂಕ ಸಾಲದೆಂದು ಹಿಂದಕ್ಕೆ ಕಳಿಸಿದರು. ಕಾಲು ಹಿಡಿದಳಂತೆ. ಅಮ್ಮ ಉಳಿಯಲಿಲ್ಲ. ಮದುವೆಯ ಮಾತೆತ್ತಿದವರನ್ನೆಲ್ಲ ಬೈದು ಕಳಿಸಿ, ಮಿಷನ್ ತುಳಿದು ನನ್ನನ್ನು ಸಾಕಿದ್ದು ಇವಳೇ.

ಶಿಬಿರದ ದಿನ ನಾನೇ ಬಾಗಿಲಲ್ಲಿ ಅವಳನ್ನು ತಡೆದೆ. “ಚಿಕ್ಕಮ್ಮ, ಕತ್ತರಿ.” ಗೊಣಗುತ್ತ ಸೆರಗಿನೊಳಗಿಂದ ತೆಗೆದುಕೊಟ್ಟಳು! ಚಪ್ಪಲಿ ಬಿಟ್ಟು ತಕ್ಕಡಿ ಹತ್ತಿದಳು. ಸುತ್ತ ನಿಂತ ಗ್ರೂಪುಗಳೆಲ್ಲ ಉಸಿರು ಬಿಗಿಹಿಡಿದವು. ಅಂಕಿ ಕುಣಿಯಿತು, ಹಿಂದೆ ಮುಂದೆ ಹೋಯಿತು, ನಲವತ್ತೈದು ದಾಟಿ ನಿಂತಿತು. ನಾಗಲಮಡಿಕೆಯವನು ಶಿಳ್ಳೆ ಹೊಡೆದೇಬಿಟ್ಟ.

ಮಂಚದ ಮೇಲೆ ಮಲಗಿದ ಚಿಕ್ಕಮ್ಮ ಸೂಜಿಗೆ ಕಣ್ಣು ಮಿಟುಕಿಸಲಿಲ್ಲ. ಕತ್ತು ಹೊರಳಿಸಿ, ಕೆಳಗೆ ತುಂಬುತ್ತಿದ್ದ ಚೀಲವನ್ನೇ ನೋಡುತ್ತಿದ್ದಳು. ಅಂಗೈಯಗಲದ ಚೀಲ. ನರ್ಸು ಬಂದು “ಆಯ್ತು ಅಮ್ಮಾ” ಎಂದಾಗ, “ಇಷ್ಟೇನಾ?” ಎಂದು ಕೇಳಿದಳು.

“ಇಷ್ಟೇ.”

ಚಿಕ್ಕಮ್ಮ ನನ್ನ ಕಡೆ ತಿರುಗಿದಳು. ಎಂಥೆಂಥವರನ್ನೋ ಗದರಿಸಿದವಳು ಅಳುತ್ತಿದ್ದಳು. “ಇಷ್ಟೇ ಕಣಮ್ಮ ನಿಮ್ಮವ್ವಂಗೆ ಬೇಕಾಗಿದ್ದು. ಇಷ್ಟು ನನ್ ತಾವ ಇರ್ಲಿಲ್ವಾ ಅವತ್ತು?”

“ಇತ್ತು ಚಿಕ್ಕಮ್ಮ, ಇತ್ತು” ಎಂದು ಅವಳ ಇನ್ನೊಂದು ಕೈ ಹಿಡಿದುಕೊಂಡು ನಾನೂ ಅತ್ತುಬಿಟ್ಟೆ.